ಮೀಸೆಯ ಧ್ವನಿ ಪರೀಕ್ಷೆ

ಅವನನ್ನು ಮೀಸೆ ಎಂದು ಕರೆಯುತ್ತಿದ್ದರೂ ಅಂಥ ಮೀಸೆಯೇನೂ ಇರಲಿಲ್ಲ. ಮೇಲ್ತುಟಿಯ ಮೇಲೆ ಅಲ್ಲೊಂದು ಇಲ್ಲೊಂದು ಎಳೆಗೂದಲು, ಅಷ್ಟೆ. ಅದು ಕಾಣಿಸಿಕೊಂಡ ವಾರವೇ ಸೇನೆಯ ನಾಯಿ ಶೆಡ್ಡಿನ ಯಜಮಾನರು ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಪರವಾಗಿಲ್ಲ ಕಣೋ, ಇನ್ಮೇಲೆ ನಿನ್ನ ಮೀಸೆ ಅಂತಲೇ ಕರೀತೀನಿ" ಎಂದಿದ್ದರು. ಮೊದಮೊದಲು ಅವರು "ಏನಮ್ಮ", "ಬಾರಮ್ಮ" ಎನ್ನುತ್ತಿದ್ದವರು. ಮೀಸೆ ಹುಟ್ಟಿದ್ದು ಹೆಣ್ಣೆಂದು, ಸೇನೆಗೆ ಸೇರಿದ್ದು ಹೆಂಗಸರ ದಳಕ್ಕೆ. ಒಳಗೆ ತಾನು ಗಂಡೆಂಬುದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು, ಬಾಯಿಬಿಟ್ಟು ಹೇಳಲು ಮಾತ್ರ ಮೂವತ್ತು ವರ್ಷ ಹಿಡಿಯಿತು. ಹೇಳಿದ ಮೇಲೆ ಯಜಮಾನರು ಯಾವ ಪೀಠಿಕೆಯೂ ಇಲ್ಲದೆ "ಲೋ" ಎಂದರು. ಅವತ್ತು ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಸರದಿ ತನ್ನದಲ್ಲದಿದ್ದರೂ ಶೆಡ್ಡಿನ ಅಷ್ಟೂ ಗೂಡುಗಳನ್ನು ಒಬ್ಬನೇ ತೊಳೆದುಹಾಕಿದ.

ಕದ್ದುಮುಚ್ಚಿ ಮಾಡಿದ್ದು ಯಾವುದೂ ಇರಲಿಲ್ಲ. ಸೇನೆಯ ಆಸ್ಪತ್ರೆಯೇ ಪರೀಕ್ಷಿಸಿತು, ಸೇನೆಯ ಡಾಕ್ಟರೇ ಚುಚ್ಚುಮದ್ದು ಬರೆದುಕೊಟ್ಟರು, ಮೇಲಿನವರು ಬೆನ್ನು ತಟ್ಟಿ "ನಮ್ಮ ಸೇನೆಯಲ್ಲಿ ಎಲ್ಲರಿಗೂ ಜಾಗ ಉಂಟು" ಎಂದು ಭಾಷಣ ಬೇರೆ ಮಾಡಿದರು. ಆಮೇಲೆ ಮೇಲಿನವರು ಬದಲಾದರು, ರಾಗವೂ ಬದಲಾಯಿತು. ಮೊದಲು ಬ್ಯಾರಕ್ಕಿನ ಶಿಸ್ತು ಕೆಡುತ್ತದೆ ಎಂದರು. ಮೀಸೆ ತಾನೇ ಬ್ಯಾರಕ್ಕು ಬಿಟ್ಟು, ನಾಯಿಗಳ ಆಹಾರದ ಮೂಟೆಗಳಿದ್ದ ಉಗ್ರಾಣದಲ್ಲಿ ಮಂಚ ಹಾಕಿಕೊಂಡ. ಆಮೇಲೆ ಔಷಧಿಯ ಖರ್ಚು ಎಂದರು. ತಾನೇ ಕೊಂಡುಕೊಳ್ಳುತ್ತೇನೆ ಎಂದ. ಹೆಂಗಸರ ಕಕ್ಕಸಿಗೆ ಹೋಗಕೂಡದು, ಗಂಡಸರದ್ದಕ್ಕೆ ಬರಕೂಡದು ಎಂದರು. ಅತಿಥಿಗಳಿಗೆಂದು ಗೇಟಿನ ಬಳಿ ಕಟ್ಟಿಸಿದ್ದ ಕಕ್ಕಸನ್ನು ಅವನಿಗೆ ಗೊತ್ತುಮಾಡಿದರು. ಅದರ ಬೀಗದ ಕೈ ಕಾವಲಿನವನ ಹತ್ತಿರ. ದಿನಕ್ಕೆ ನಾಲ್ಕಾರು ಸಲ ಮೈದಾನ ದಾಟಿ ಹೋಗಿ, ಬೀಗದ ಕೈ ಕೇಳಿ, ಅವನ ಹಲ್ಲುಕಿರಿತ ನೋಡಿ ಬರಬೇಕು. ಯುದ್ಧದಲ್ಲಿ ಸೋತವರೂ ಇಷ್ಟು ಸುಸ್ತಾಗಿರಲಿಕ್ಕಿಲ್ಲ. ಮೀಸೆ ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟ.

ಇಷ್ಟಕ್ಕೂ ಬಗ್ಗದಿದ್ದಾಗ ಕೊನೆಗೊಂದು ಕುಂಟು ನೆಪ ಬಂತು. ಮೀಸೆಯ ಕೆಲಸ ನೆಲಬಾಂಬು ಹುಡುಕುವ ನಾಯಿಯನ್ನು ನಡೆಸುವುದು. ಔಷಧಿಯಿಂದ ಅವನ ಧ್ವನಿ ದಪ್ಪಗಾಗಿದೆ, ಧ್ವನಿ ಬದಲಾದರೆ ನಾಯಿಗೆ ಗುರುತು ಸಿಗುವುದಿಲ್ಲ, ಗುರುತು ಸಿಗದಿದ್ದರೆ ಅಪಾಯ, ಆದ್ದರಿಂದ ಈತ ಸೇವೆಗೆ ಯೋಗ್ಯನಲ್ಲ. ಹೀಗೆಂದು ಆದೇಶ ಬಂತು. ನಾಯಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಆ ನಾಯಿಯ ಹೆಸರು ಸೋಮಾರಿ. ಕೆಲಸವಿಲ್ಲದಾಗ ನಾಲ್ಕು ಕಾಲೂ ಚಾಚಿ ಸತ್ತಂತೆ ಮಲಗುತ್ತಿದ್ದ ಆ ಹೆಣ್ಣುನಾಯಿ, ಪಟ್ಟಿ ಕಟ್ಟಿ ಮೈದಾನಕ್ಕಿಳಿಸಿದರೆ ಸೂಜಿಯ ಮೇಲೆ ನಡೆದಂತೆ ನಡೆಯುತ್ತಿತ್ತು. ಮೀಸೆಯ ಗಂಟಲು ಒಡೆದು ಅರ್ಧ ಮಾತು ಕೀರಲು, ಅರ್ಧ ಮಾತು ಗೊಗ್ಗರು ಎಂಬಂತಿದ್ದ ದಿನಗಳಲ್ಲಿ ಅದು ಒಂದೆರಡು ಸಲ ತಲೆ ವಾಲಿಸಿ ಅವನ ಮುಖ ನೋಡಿತು. ವಾರ ಕಳೆಯುವಷ್ಟರಲ್ಲಿ ಅದಕ್ಕೆ ಬೇಜಾರಾಯಿತು, ಬಿಟ್ಟಿತು. ಮನುಷ್ಯರಿಗೆ ಅಷ್ಟು ಬೇಗ ಬೇಜಾರಾಗುವುದಿಲ್ಲವಲ್ಲ, ಅದೇ ತೊಂದರೆ. ಊರಿಗೆ ಫೋನು ಮಾಡಿದರೆ ಅವನ ತಾಯಿ "ಅಮ್ಮಾ" ಎಂಬ ದಪ್ಪ ಧ್ವನಿ ಕೇಳುತ್ತಲೇ "ರಾಂಗ್ ನಂಬರ್" ಎಂದು ಇಟ್ಟುಬಿಡುತ್ತಿದ್ದಳು. ಅದು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಹಾಗಲ್ಲ. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದ ಅಕ್ಕ, ಆ ಗದ್ದಲದ ನಡುವೆಯೇ ಕಿರುಚಿಕೊಂಡು ಮಾತಾಡುವಳು. "ಸಾಕು ಬಿಡೋ ತಮ್ಮಾ, ಬಂದ್ಬಿಡು. ಎಷ್ಟು ದಿನ ಅಂತ ಅವರ ಮುಂದೆ ಕೈಕಟ್ಟಿ ನಿಲ್ತೀಯ? ಇಲ್ಲೇ ಏನಾದ್ರೂ ಕೆಲಸ ನೋಡೋಣ."

"ಇದೊಂದು ಪರೀಕ್ಷೆ ಮುಗೀಲಿ ಅಕ್ಕ" ಎಂದ ಮೀಸೆ.

ಪರೀಕ್ಷೆಯನ್ನು ಅವನೇ ಕೇಳಿ ಪಡೆದಿದ್ದ. ಮೇಲ್ಮನವಿ ಹಾಕಿ, ನಾಯಿ ತನ್ನ ಧ್ವನಿಗೆ ಓಗೊಡುತ್ತದೋ ಇಲ್ಲವೋ ಬಂದು ನೋಡಿ ಎಂದು ಬರೆದಿದ್ದ. ನೋಡಲು ಒಪ್ಪಿದರು. ಓಗೊಟ್ಟರೆ ಆದೇಶ ವಾಪಸು, ಕೆಲಸ ಉಳಿಯಿತು, ಸೋಮಾರಿಯೂ ಅವನದೇ. ಇಲ್ಲವಾದರೆ ಮುಂದಿನ ತಿಂಗಳು ಗಡಿಯ ರಸ್ತೆಯಲ್ಲಿ ಬಾಂಬು ತೆಗೆಯುವ ಕೆಲಸ ಶುರುವಾಗುವ ಮೊದಲೇ ಅವನು ಮನೆಗೆ. ಅವನ ಜಾಗಕ್ಕೆ ಲಾರಿ ವಿಭಾಗದಿಂದ ಒಬ್ಬ ಡ್ರೈವರನನ್ನು ಆಗಲೇ ಕಳಿಸಿಯೂ ಇದ್ದರು. ಎರಡು ಮಕ್ಕಳ ತಂದೆ, ಪಾಪದವನು. ಸೋಮಾರಿ ಆಕಳಿಸಿದರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. "ನಾನೇನೂ ಕೇಳ್ಕೊಂಡು ಬಂದಿಲ್ಲ ಮಾರಾಯ" ಎಂದು ಮೊದಲ ದಿನವೇ ಮೀಸೆಯ ಹತ್ತಿರ ಹೇಳಿಕೊಂಡಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಮೀಸೆಯಲ್ಲಿ ಅಷ್ಟು ತ್ರಾಣ ಉಳಿದಿರಲಿಲ್ಲ.

ಪರೀಕ್ಷೆಯ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಕಾರಿನಿಂದ ಒಬ್ಬ ಮೇಜರ್ ಇಳಿದ, ಜೊತೆಗೊಬ್ಬ ಡಾಕ್ಟರಮ್ಮ. ಮೇಜರ್ ಕೆಟ್ಟವನಂತೆ ಕಾಣಲಿಲ್ಲ. ಬಂದವನೇ ಎಲ್ಲರಿಗೂ ನಮಸ್ಕಾರ ಹೇಳಿ, ಕುಡಿಯಲು ನೀರು ಕೇಳಿ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಮೀಸೆಯ ಮುಖ ನೋಡುವುದನ್ನು ಮಾತ್ರ ನಾಜೂಕಾಗಿ ತಪ್ಪಿಸಿದ.

"ನಾಯಿಗೆ ಇವರು ಕಾಣಬಾರದು" ಎಂದ ಮೇಜರ್. "ವಾಸನೆನೂ ಹೋಗಬಾರದು. ಪಟ್ಟಿ ಡ್ರೈವರ್ ಹಿಡೀಲಿ. ಇವರು ಹಿಂದೆ ಗೋಡೆ ಹತ್ರ ನಿಲ್ಲಲಿ. ನಾನು ಕೈ ಎತ್ತಿದಾಗ ಕರೀಬೇಕು. ಒಂದೇ ಸಲ."

"ನಾವೇ ಹೊತ್ತು ನೋಡಿ ಕರೆದ್ರೆ ಒಳ್ಳೇದು ಸರ್. ಅದು ಕೆಲಸ ಮಾಡ್ತಿರುತ್ತೆ" ಎಂದರು ಯಜಮಾನರು.

"ನೀವು ಹೊತ್ತು ನೋಡಿದ್ರೆ ಅದು ಮೊದಲೇ ಹೇಳಿಕೊಟ್ಟ ಆಟ ಅಂತಾರೆ ನಮ್ಮ ಆಫೀಸಲ್ಲಿ. ಹೊತ್ತು ನಾನೇ ನೋಡ್ತೀನಿ."

ಯಜಮಾನರು ಮೀಸೆಯ ಕಡೆ ತಿರುಗಿ, "ಸಂಗೀತ ಪರೀಕ್ಷೆ ಅಂದ್ಕೊಳೋ. ಗಂಟಲು ಸರಿಮಾಡ್ಕೊ" ಎಂದು ಪಿಸುಗುಟ್ಟಿದರು. ಮೀಸೆಗೆ ನಗು ಬರಲಿಲ್ಲ. ಹಿಂದಿನ ರಾತ್ರಿ ಅವನಿಗೆ ನಿದ್ದೆಯೇ ಹತ್ತಿರಲಿಲ್ಲ. ಗೆಲ್ಲುತ್ತೇನೆಂಬುದು ಖಾತ್ರಿಯಾಗಿದ್ದರಿಂದಲೇ ಅಷ್ಟು ಭಯ. ಎಷ್ಟೋ ಕಾಲದ ನಂತರ ಒಂದು ವಿಷಯದಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಕರೆದರೆ ಸೋಮಾರಿ ಬರುತ್ತದೆ.

ಡ್ರೈವರ್ ಉದ್ದನೆಯ ಪಟ್ಟಿ ಹಿಡಿದು ಸೋಮಾರಿಯನ್ನು ಮೈದಾನಕ್ಕೆ ಬಿಟ್ಟ. ಅಭ್ಯಾಸಕ್ಕೆಂದು ಯಜಮಾನರು ಅಲ್ಲಲ್ಲಿ ಸಿಡಿಮದ್ದಿನ ವಾಸನೆಯ ಡಬ್ಬಿಗಳನ್ನು ಹೂತಿಟ್ಟಿದ್ದರು. ಸಿಡಿಯುವಂಥವಲ್ಲ. ನಾಯಿ ಮೂಗು ನೆಲಕ್ಕೆ ತಾಗಿಸಿ, ಗಾಳಿಗೆ ಅಡ್ಡಡ್ಡ ನಡೆಯುತ್ತ, ನಿಂತು, ಮತ್ತೆ ನಡೆಯುತ್ತ ಹೋಯಿತು. ಮೇಜರ್ ಸುಮ್ಮನೆ ನೋಡುತ್ತಿದ್ದ. ಕರೆಸಲು ಅದೇ ಒಳ್ಳೆಯ ಸಮಯವಾಗಿತ್ತು. ಕೈ ಎತ್ತಲಿ, ಈಗ ಎತ್ತಲಿ ಎಂದು ಮೀಸೆ ಮನಸ್ಸಿನಲ್ಲೇ ಗೋಗರೆದ. ಸೋಮಾರಿ ಒಂದು ಒಣಹುಲ್ಲಿನ ಬುಡದಲ್ಲಿ ತಟಕ್ಕನೆ ನಿಂತಿತು. ಮೂಸಿತು. ಹಿಂಗಾಲು ಮಡಿಸಿ ಕೂತಿತು. ಎಂದರೆ, ಸಿಕ್ಕಿತು.

ಆಗ ಮೇಜರ್ ಕೈ ಎತ್ತಿದ.

ಮೀಸೆ ಬಾಯಿ ತೆರೆದವನು ಹಾಗೇ ನಿಂತ. "ಸರ್, ಕೂತಿದೆ" ಎಂದ.

"ನೋಡಿದೆ. ಕರೀರಿ."

"ಕೂತಾಗ ಕರೀಬಾರದು ಸರ್. ಪಟ್ಟಿ ಹಿಡಿದವರು ಹೋಗಿ ಆ ಜಾಗಕ್ಕೆ ಬಾವುಟ ನೆಡಬೇಕು. ಇನಾಮಿಗೆ ಚೆಂಡು ಕೊಡಬೇಕು. ಆಮೇಲೆ ಕರೀತೀನಿ. ಒಂದೇ ನಿಮಿಷ."

"ಅದು ಖಾಲಿ ಡಬ್ಬಿ ತಾನೆ?"

"ಅದು ಅಭ್ಯಾಸದ್ದು ಅಂತ ನಾಯಿಗೆ ಗೊತ್ತಿಲ್ಲ ಸರ್. ಒಂದು ಸಲ ಎದ್ದು ಬಂದ್ರೆ ನಾಳೆ ರಸ್ತೇಲೂ ಎದ್ದು ಬರುತ್ತೆ."

"ಸಿಪಾಯಿ, ಒಂದೇ ಸಲ ಅಂತ ಮೊದಲೇ ಹೇಳಿದ್ದೆ. ಕರೀತೀರೋ ಇಲ್ವೋ?" ಮೇಜರನ ಕೈ ಇನ್ನೂ ಮೇಲೇ ಇತ್ತು.

ಮೀಸೆ ಮನಸ್ಸಿನಲ್ಲಿ ಲೆಕ್ಕ ಹಾಕದೆ ಇರಲಿಲ್ಲ. ಅವನೂ ಮನುಷ್ಯನೇ. ಈಗ ಕರೆದುಬಿಡುವುದು, ಗೆಲ್ಲುವುದು, ಆಮೇಲೆ ನಾಯಿಯನ್ನು ಕೂರಿಸಿಕೊಂಡು ತಿದ್ದುವುದು. ಆದರೆ ತಿದ್ದಲು ತಿಂಗಳುಗಳೇ ಬೇಕು. ರಸ್ತೆಯ ಕೆಲಸ ಮುಂದಿನ ತಿಂಗಳು. ಹಿಂದೆ ಅವರದೇ ಶೆಡ್ಡಿನ ಇನ್ನೊಂದು ನಾಯಿ ಯಾರದೋ ಕರೆಗೆ ಹೀಗೆ ಎದ್ದು ಬಂದಿತ್ತು. ಅದು ಎಲ್ಲಿ ಕೂತಿತ್ತೆಂದು ಹುಡುಕಲು ಹೋದವನು ಈಗ ಊರುಗೋಲಿನ ಮೇಲೆ ಓಡಾಡುತ್ತಾನೆ. ಮೈದಾನದ ನಡುವೆ ಡ್ರೈವರ್ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಏನು ನಡೆಯುತ್ತಿದೆ ಎಂದು ತಿಳಿಯದೆ, ಇವರ ಕಡೆಗೊಮ್ಮೆ ನಾಯಿಯ ಕಡೆಗೊಮ್ಮೆ ನೋಡುತ್ತಿದ್ದ. ಸೋಮಾರಿ ಹುಲ್ಲಿನ ಬುಡದಿಂದ ಕಣ್ಣು ಕೀಳದೆ ಕೂತಿತ್ತು. ಅದಕ್ಕೆ ಹಾಗೆ ಕೂರಲು ಕಲಿಸಿದವನು ಇವನೇ.

"ಕರೆಯೋದಿಲ್ಲ ಸರ್" ಎಂದ ಮೀಸೆ. ಹುಚ್ಚ, ಶುದ್ಧ ಹುಚ್ಚ ಎಂದು ತನ್ನನ್ನೇ ಬೈದುಕೊಂಡ.

ಮೇಜರ್ ಕೈ ಇಳಿಸಿದ. "ಬರ್ಕೊಳ್ಳಿ ಡಾಕ್ಟ್ರೇ. ಕರೆಯಲು ನಿರಾಕರಿಸಿದರು. ನಾಯಿ ಧ್ವನಿಯನ್ನು ಗುರುತಿಸುವ ಭರವಸೆ ಅವರಿಗೇ ಇಲ್ಲ."

"ಬಾವುಟ ಇಟ್ಟ ಮೇಲೆ ಇನ್ನೊಂದು ಸಲ ನೋಡಬಹುದಲ್ವಾ?" ಎಂದರು ಡಾಕ್ಟರಮ್ಮ ತಗ್ಗಿದ ಧ್ವನಿಯಲ್ಲಿ.

"ಊಟದ ಹೊತ್ತಾಯ್ತು" ಎಂದು ಮೇಜರ್ ಕಾರಿನ ಕಡೆ ನಡೆದೇಬಿಟ್ಟ. ಡಾಕ್ಟರಮ್ಮ ಒಮ್ಮೆ ಹಿಂತಿರುಗಿ ನೋಡಿ ಅವನ ಹಿಂದೆ ಹೋದರು.

ಡ್ರೈವರ್ ಅಂಜುತ್ತಂಜುತ್ತ ಹೋಗಿ ಕೆಂಪು ಬಾವುಟ ನೆಟ್ಟ, ಜೇಬಿನಿಂದ ಚೆಂಡು ತೆಗೆದು ಕೊಟ್ಟ. ಯಜಮಾನರಿಗೆ ತಡೆದುಕೊಳ್ಳಲಾಗಲಿಲ್ಲ. "ಕರಿಯೋ ಕತ್ತೆ! ಈಗಾದ್ರೂ ಕರಿ, ಇನ್ನೂ ಕಾರು ಹತ್ತಿಲ್ಲ ಅವರು!" ಎಂದು ಕೂಗಿದರು.

ಮೀಸೆ ಕರೆದ. ಒಂದೇ ಸಲ. "ಸೋಮಾರೀ!"

ದಪ್ಪ ಧ್ವನಿ ಮೈದಾನದ ಆ ತುದಿಯವರೆಗೂ ಹೋಯಿತು. ಸೋಮಾರಿ ಗಿರಕ್ಕನೆ ತಿರುಗಿ, ಡ್ರೈವರನ ಕೈಯಿಂದ ಪಟ್ಟಿ ಕಿತ್ತುಕೊಂಡು, ಚೆಂಡು ಕಚ್ಚಿಕೊಂಡೇ, ಕಿವಿ ಹಿಂದಕ್ಕೆ ಮಾಡಿ ಓಡಿ ಬಂತು. ನೇರ ಅವನ ಬೂಟಿನ ಮುಂದೆ ಕೂತು, ಚೆಂಡನ್ನು ಅವನ ಕಾಲ ಮೇಲೆ ಬೀಳಿಸಿತು.

"ಸರ್! ನೋಡಿದ್ರಾ ಸರ್! ಡಾಕ್ಟ್ರಮ್ಮಾ!" ಯಜಮಾನರು ಆ ವಯಸ್ಸಿನಲ್ಲಿ ಏದುಸಿರು ಬಿಡುತ್ತ ಕಾರಿನ ಕಡೆ ಓಡಿದರು. ಮೀಸೆಯೂ ಹಿಂದೆ ಹೋದ. ಸೋಮಾರಿಗೆ ಇದೂ ಒಂದು ಆಟವೇ ಎಂದು ತೋರಿರಬೇಕು, ಜೊತೆಗೇ ಬಂತು.

ಕಾರು ಹತ್ತಿದ್ದ ಅವರಿಬ್ಬರೂ ನೋಡಿದ್ದರು. ಡಾಕ್ಟರಮ್ಮ ಮಡಿಲಲ್ಲಿದ್ದ ತಮ್ಮ ಕೈಗಳನ್ನೇ ದಿಟ್ಟಿಸುತ್ತ ಕೂತಿದ್ದರು. ಮೇಜರ್ ಗಾಜು ಇಳಿಸಿ, ಬಂದಾಗಿನಿಂದ ಮೊದಲ ಸಲ ಮೀಸೆಯ ಮುಖವನ್ನು ನೆಟ್ಟಗೆ ನೋಡಿದ. ಅವನ ಮುಖದಲ್ಲೂ ಆಯಾಸವಿತ್ತು.

"ನೋಡಿದೆನಪ್ಪ" ಎಂದ. "ಒಳ್ಳೇ ನಾಯಿ. ನೀವು ಕರೆದು, ಅದು ಬಂದಿದ್ರೂ ಏನೂ ಆಗ್ತಿರಲಿಲ್ಲ. ಧ್ವನಿ ಅಲ್ಲದಿದ್ರೆ ಇನ್ನೊಂದು ಕಾರಣ ಬರೀತಿದ್ವಿ. ಮೇಲಿಂದ ಆಗಲೇ ತೀರ್ಮಾನ ಆಗಿದೆ."

ಮೀಸೆ ಬಗ್ಗಿ, ನಾಲಿಗೆ ಚಾಚಿ ತೇಕುತ್ತಿದ್ದ ಸೋಮಾರಿಯ ಕೊರಳಿನ ಪಟ್ಟಿ ಸಡಿಲಿಸಿದ.

"ಅದನ್ನೇ ಬೆಳಗ್ಗೆನೇ ಹೇಳಿದ್ರೆ" ಎಂದ, "ನಾಯಿಗಾದ್ರೂ ಈ ಬಿಸಿಲು ತಪ್ತಿತ್ತಲ್ಲ ಸರ್."

ಮೇಜರ್ ಗಾಜು ಏರಿಸಿದ. ಕಾರು ಗೇಟು ದಾಟಿತು. ಮೀಸೆ ಅಲ್ಲೇ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತ. ಅಳು ಒತ್ತರಿಸಿಕೊಂಡು ಬಂತು, ಗಂಡಸಿನ ಒರಟು ಗಂಟಲಿನ ಅಳು. ಅವನು ಅದನ್ನು ತಡೆಯಲಿಲ್ಲ. ಡ್ರೈವರ್ ಒಂದು ತಟ್ಟೆಯಲ್ಲಿ ನೀರು ತಂದು, ನಾಯಿಯ ಮುಂದಿಡಲು ಹಿಂದೆಮುಂದೆ ನೋಡುತ್ತ ನಿಂತ.

"ಹತ್ರ ಬನ್ನಿ, ಏನೂ ಮಾಡಲ್ಲ" ಎಂದ ಮೀಸೆ, ತೋಳಿನಿಂದ ಮುಖ ಒರೆಸಿಕೊಳ್ಳುತ್ತ. "ಇನ್ಮೇಲೆ ನೀರು ನಿಮ್ಮ ಕೈಯಿಂದಲೇ ಕುಡೀಬೇಕು ಅದು."