ಮೂರು ಕಪ್ಪಿನ ಇಂಟರ್‌ವ್ಯೂ

"ತಲೆ ಎತ್ಬೇಡ ಮಾರಾಯ್ತಿ, ಎತ್ತಿದ್ರೆ ಜಂಬ ಅಂತಾರೆ. ಹಾಗಂತ ಪೂರ್ತಿ ಬಗ್ಗಿಸ್ಲೂಬೇಡ, ಏನೋ ಕದ್ದಿದಾಳೆ ಅಂತಾರೆ. ಮಧ್ಯದಲ್ಲಿಟ್ಕೊ. ಎದುರಿಗಿರೋರ ಅಂಗಿಯ ಎರಡನೇ ಗುಂಡಿ ನೋಡು, ಸಾಕು" ಎಂದರು ಸಿದ್ದಬಸಪ್ಪ.

ರಶ್ಮಿ ನೋಡಿದಳು. ಮಾವನ ಅಂಗಿಗೆ ಎರಡನೇ ಗುಂಡಿಯೇ ಇರಲಿಲ್ಲ. ಆ ಜಾಗದಲ್ಲಿ ಒಂದು ಪಿನ್ನು ಇತ್ತು.

"ಮಾವ, ಪಿನ್ನು."

"ಅದನ್ನೇ ನೋಡು."

ಕಳಸದ ಪೇಟೆಯಲ್ಲಿ ಮೆಣಸು, ಅಡಿಕೆ ಕೊಳ್ಳುವ ಅಂಗಡಿ ಸಿದ್ದಬಸಪ್ಪನವರದು. ಅಂದು ಅವರು ಇಂಟರ್‌ವ್ಯೂ ಅಭ್ಯಾಸಕ್ಕೆಂದು ಆಫೀಸರ್ ಆಗಿ ಮೆಣಸಿನ ಮೂಟೆಯ ಮೇಲೆ ಆಸೀನರಾಗಿದ್ದರು. ಬಿ.ಎಸ್ಸಿ. ಮುಗಿಸಿದ ಸೋದರ ಸೊಸೆ ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದಳು. ಮರುದಿನ ಚಿಕ್ಕಮಗಳೂರಿನಲ್ಲಿ ಬೀಜದ ಸಿಪ್ಪೆ ತೆಗೆದು ಹದಮಾಡುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅವಳಿಗೆ ಇಂಟರ್‌ವ್ಯೂ. ಬೆಳೆಗಾರರು ತಂದು ಹಾಕುವ ಕಾಫಿಯ ರುಚಿ, ವಾಸನೆ ನೋಡುವವರಿಗೆ ಸಹಾಯಕಿಯ ಕೆಲಸ. ಸರ್ಕಾರದ ಮಂಡಳಿಗೇ ಕೊಡಬೇಕೆಂಬ ಕಟ್ಟು ಹೋಗಿ, ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು ಎಂದಾಗಿ ಇನ್ನೂ ಎರಡು ವರ್ಷವಾಗಿತ್ತಷ್ಟೆ. ಕೊಳ್ಳುವವರೆಲ್ಲ ಈಗ 'ಮೊದಲು ಸ್ಯಾಂಪಲ್ ತೋರಿಸಿ' ಎನ್ನುವ ಕಾಲ.

ಇದು ರಶ್ಮಿಯ ನಾಲ್ಕನೇ ಇಂಟರ್‌ವ್ಯೂ. ಹಿಂದಿನ ಮೂರರಲ್ಲಿಯೂ ಅವಳು ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಪಟಪಟ ಮಾತಾಡುವ ಹುಡುಗಿ, ದೊಡ್ಡ ಮೇಜು ಕಂಡರೆ ಸಾಕು, ತನ್ನ ಹೆಸರಿಗೂ ತಡವರಿಸುತ್ತಿದ್ದಳು. ಕೆಲಸವಿಲ್ಲದ ಹತ್ತು ತಿಂಗಳು ಮಾವನ ಅಂಗಡಿಯಲ್ಲಿ ಮೆಣಸಿನ ಮೂಟೆಗೆ ಮೂಗು ಹಾಕಿ, ಒಣಗಿದೆಯೋ ಇಲ್ಲವೋ, ಎಲ್ಲಿಟ್ಟಿದ್ದರು, ಯಾವ ಚೀಲಕ್ಕೆ ತುಂಬಿದ್ದರು ಎಂದು ಹೇಳುವುದೇ ಅವಳ ಕಸುಬಾಗಿತ್ತು. ಹೇಳುತ್ತಿದ್ದದ್ದೂ ಮಾವನ ಕಿವಿಯಲ್ಲಿ ಮಾತ್ರ. ಈ ಸಲವೂ ಬಾಯಿ ಕಟ್ಟಿದರೆ ಇನ್ನು ಅರ್ಜಿಯನ್ನೇ ಹಾಕುವುದಿಲ್ಲ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

ತೊಂದರೆ ಏನೆಂದರೆ, ಆ ಮನೆಯಲ್ಲಿ ಯಾರೂ ಇಂಟರ್‌ವ್ಯೂ ಕಂಡವರಲ್ಲ. ಅವರು ಕಂಡಿದ್ದೆಲ್ಲ ಹೆಣ್ಣು ನೋಡುವ ಶಾಸ್ತ್ರ. ಅಂಗಡಿಗೇ ಬಂದು ಕೂತಿದ್ದ ತಾಯಿ ಬಸಮ್ಮನ ಲೆಕ್ಕ ಸರಳವಾಗಿತ್ತು.

"ನಿನ್ನ ಅಕ್ಕನ್ನ ನೋಡೋಕೆ ಬಂದಾಗ ಒಂದೇ ಸಲಕ್ಕೆ ಒಪ್ಪಿದ್ರೋ ಇಲ್ವೋ? ನೀನು ಮೂರು ಸಲ ಹೋಗಿ ಮೂರು ಸಲವೂ ಬೇಡ ಅನ್ನಿಸ್ಕೊಂಡು ಬಂದಿ. ಯಾರ ಪದ್ಧತಿ ಸರಿ, ನೀನೇ ಹೇಳು."

"ಅಮ್ಮ, ಅದು ಮದುವೆ. ಇದು ನೌಕರಿ."

"ಎಂತ ವ್ಯತ್ಯಾಸ? ಅಲ್ಲೂ ನಾಲ್ಕು ಜನ ಕೂತು ನೋಡ್ತಾರೆ, ಇಲ್ಲೂ ನಾಲ್ಕು ಜನ ಕೂತು ನೋಡ್ತಾರೆ. ಏಳು, ಟ್ರೇ ಹಿಡಿ."

ಬಸಮ್ಮ ಸ್ಟೀಲಿನ ಟ್ರೇಯಲ್ಲಿ ಮೂರು ಲೋಟ ನೀರಿಟ್ಟು ಮಗಳ ಕೈಗೆ ಕೊಟ್ಟಳು. ಮೊದಲು ಹಿರಿಯರಿಗೆ. ಆಮೇಲೆ ಅವರ ಪಕ್ಕದವರಿಗೆ. ಬಾಗಿಲಲ್ಲಿ ನಿಂತವರನ್ನು ಮರೆಯಬಾರದು, ಸಾಧಾರಣವಾಗಿ ಅವರೇ ಹುಡುಗನ ಚಿಕ್ಕಪ್ಪ ಆಗಿರುತ್ತಾರೆ. ಮೆಣಸು ಮಾರಲು ಬಂದಿದ್ದ ರೈತರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಒಂದು ಲೋಟ ನೀರು ಸಿಕ್ಕಿತು.

"ಕೊನೇದಾಗಿ ಒಂದು," ಎಂದರು ಮಾವ. "ದೊಡ್ಡೋರ ಎದುರಿಗೆ ಅವರ ಯಾವ ವಸ್ತುವಿನಲ್ಲೂ ಹುಳುಕು ಹುಡುಕಬೇಡ. ಎಲ್ಲ ಚೆನ್ನಾಗಿದೆ ಅನ್ನು. ವ್ಯಾಪಾರದಲ್ಲೂ ಅಷ್ಟೆ."

"ವ್ಯಾಪಾರದಲ್ಲಿ ನೀವು ಹಾಗನ್ನಲ್ವಲ್ಲ ಮಾವ. ಎಲ್ಲದಕ್ಕೂ ಹಸಿ, ಹಸಿ ಅಂತೀರಿ."

"ಅದು ನಾನು ಕೊಳ್ಳುವಾಗ. ನಾಳೆ ನೀನು ಮಾರಾಟಕ್ಕೆ ಹೋಗೋಳು."

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಮಾವ-ಸೊಸೆ ಹೊರಟರು. ವಾರದ ಹಿಂದೆ ಒಂದು ಮಳೆ ಬಿದ್ದಿತ್ತು. ಕೊಟ್ಟಿಗೆಹಾರ ದಾಟುವವರೆಗೂ ದಾರಿಯ ಎರಡೂ ಬದಿ ಕಾಫಿ ಹೂ ಬಿಟ್ಟು, ಬಸ್ಸಿನೊಳಗೆಲ್ಲ ಘಮಘಮ. ರಶ್ಮಿ ಮಾತ್ರ ಕಣ್ಣು ಮುಚ್ಚಿ ತನ್ನ ಹೆಸರು ಹೇಳುವ ಅಭ್ಯಾಸ ಮಾಡುತ್ತಿದ್ದಳು.

ಹನ್ನೊಂದು ಗಂಟೆಗೆ ಅವಳನ್ನು ಒಳಗೆ ಕರೆದರು. ಸಿದ್ದಬಸಪ್ಪ ಗೇಟಿನ ಹೊರಗೆ ಉಳಿದರು. ಕೋಣೆಯಲ್ಲಿ ಇಬ್ಬರಿದ್ದರು. ನಡುವಿನ ಕುರ್ಚಿಯಲ್ಲಿ ವರ್ಕ್ಸ್‌ನ ಮಾಲೀಕರು ಮಂಜಯ್ಯನವರು. ದೇವರಮನೆ ಕಡೆ ದೊಡ್ಡ ಎಸ್ಟೇಟು, ಬಿಳಿ ಮೀಸೆ. ಪಕ್ಕದಲ್ಲಿ ರುಚಿ ನೋಡುವ ರಾಜೀವ್, ಗೋಡೆಯ ಕಡೆ ತಿರುಗಿ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು.

"ಕೂತ್ಕೊಳಮ್ಮ. ಹೆಸರು?" ಎಂದರು ಮಂಜಯ್ಯ.

ಆ ಮೇಜು ಕಳಸದ ಬಸ್‌ಸ್ಟ್ಯಾಂಡಿನಷ್ಟು ದೊಡ್ಡದಾಗಿತ್ತು. ರಶ್ಮಿಯ ನಾಲಿಗೆ ಅಂಟಿಕೊಂಡಿತು. ಎರಡನೇ ಗುಂಡಿ ನೋಡಿದಳು. ಗುಂಡಿಯಿಂದ ಏನೂ ಸಹಾಯ ಸಿಗಲಿಲ್ಲ.

ಅದೇ ಹೊತ್ತಿಗೆ ಬಾಗಿಲು ತೆರೆದು ಜವಾನ ಗುರುವಯ್ಯ ಒಳಬಂದ. ಕೈಯಲ್ಲಿ ಒಂದು ಟ್ರೇ, ಟ್ರೇಯಲ್ಲಿ ಮೂರು ಕಪ್ಪು, ಕಪ್ಪಿನಲ್ಲಿ ಕಾಫಿ.

ಆಮೇಲಿನದು ರಶ್ಮಿ ಮಾಡಿದ್ದಲ್ಲ, ಅವಳ ಕೈಕಾಲು ಮಾಡಿದ್ದು. ಅವಳು ಎದ್ದಳು. ಗುರುವಯ್ಯನ ಕೈಯಿಂದ ಟ್ರೇ ತೆಗೆದುಕೊಂಡಳು. ಹಾಲಿಲ್ಲ, ಸಕ್ಕರೆಯ ಗುರುತಿಲ್ಲ, ಪಾಪ ಇವರ ಆಫೀಸಿನಲ್ಲಿ ಎಂಥ ಬಡತನವೋ ಎಂದುಕೊಳ್ಳುತ್ತ ಮೊದಲ ಕಪ್ಪನ್ನು ಹಿರಿಯರಾದ ಮಂಜಯ್ಯನವರಿಗೆ ಕೊಟ್ಟಳು. ಎರಡನೆಯದನ್ನು ರಾಜೀವ್ ಕೈಗಿಟ್ಟಳು. ಅವರು ಫೋನಿನಲ್ಲೇ ಇದ್ದು ಅಭ್ಯಾಸಬಲದಿಂದ ಹಿಡಿದುಕೊಂಡರು. ಬಾಗಿಲಲ್ಲಿ ನಿಂತವರನ್ನು ಮರೆಯಬಾರದು. ಮೂರನೆಯದನ್ನು ಗುರುವಯ್ಯನಿಗೆ ಕೊಟ್ಟಳು.

ಇಪ್ಪತ್ತು ವರ್ಷ ಆ ಕೋಣೆಗೆ ಕಾಫಿ ಹೊತ್ತ ಗುರುವಯ್ಯ, ತನಗೂ ಒಂದು ಕಪ್ಪು ಕೊಟ್ಟವರನ್ನು ಕಂಡದ್ದು ಅದೇ ಮೊದಲು. ಮೇಲೆ ಕೆಳಗೆ ನೋಡಿ, ಗಟಗಟನೆ ಅರ್ಧ ಕುಡಿದುಬಿಟ್ಟ.

ಮನೆಮಗಳ ಹಾಗೆ ಯಾರಾದರೂ ಕೈಯಾರೆ ಕಾಫಿ ಕೊಟ್ಟರೆ ಬೇಡ ಎನ್ನುವ ಪದ್ಧತಿ ಆ ಕಡೆಯ ಬೆಟ್ಟದವರಲ್ಲಿ ಇಲ್ಲ. ಮಂಜಯ್ಯನವರೂ ಎರಡು ಗುಟುಕು ಕುಡಿದರು. "ಚೆನ್ನಾಗಿದೆಯಮ್ಮ," ಎಂದರು.

ರಾಜೀವ್ ಫೋನಿಟ್ಟು ತಿರುಗಿದರು. ತಮ್ಮ ಕೈ ನೋಡಿದರು, ಖಾಲಿ ಟ್ರೇ ನೋಡಿದರು, ಗುರುವಯ್ಯನ ಮೀಸೆಯ ಮೇಲಿನ ಕಾಫಿ ನೋಡಿದರು.

"ಅಯ್ಯಯ್ಯೋ! ಸಾರ್, ಅದು ಸ್ಯಾಂಪಲ್! ಈ ಹುಡುಗಿಯನ್ನ ಪರೀಕ್ಷೆ ಮಾಡೋಕೆ ಇಟ್ಟಿದ್ದು! ಅದ್ರಲ್ಲೊಂದು ಬೇಕಂತ್ಲೇ ಇಟ್ಟ ಮುಗ್ಗಲು ಕಾಫಿ. ನಂಬರೆಲ್ಲ ಟ್ರೇ ಮೇಲೆ ಬರ್ದಿತ್ತು, ಕಪ್ಪಿನ ಮೇಲಲ್ಲ. ಈಗ ಯಾವುದು ಯಾವುದು?"

ರಶ್ಮಿ ಖಾಲಿ ಟ್ರೇಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಯಾವುದು ಅಂತ ನೀವೇ ಮೂಸಿ ಹೇಳಿ. ಅದಕ್ಕಲ್ವಾ ನಿಮಗೆ ಸಂಬಳ?" ಎಂದರು ಮಂಜಯ್ಯ.

ರಾಜೀವ್ ಕರವಸ್ತ್ರ ತೆಗೆದರು. ಮೂಗು ಟೊಮ್ಯಾಟೊದಂತೆ ಕೆಂಪಗಿತ್ತು. "ಸಾರ್, ಒಂದು ವಿಷಯ. ಕಾಫಿ ಹೂ ಬಿಟ್ಟಾಗ ನನಗೆ ಮೂಗು ಮುಚ್ಚುತ್ತೆ. ವಾರದಿಂದ ಸೀಮೆಎಣ್ಣೆ ವಾಸನೆಯೂ ಗೊತ್ತಾಗ್ತಿಲ್ಲ."

"ಕಾಫಿ ಹೂವಾ? ಕಾಫಿ ರುಚಿ ನೋಡೋ ನಿಮಗಾ?"

"ಅದಕ್ಕೇ ಸಾರ್ ಸಹಾಯಕರು ಬೇಕು ಅಂದಿದ್ದು."

ಮಂಜಯ್ಯ ರಶ್ಮಿಯ ಕಡೆ ತಿರುಗಿದರು. "ಕಲಸಿದೋಳು ನೀನು, ಬೇರೆ ಮಾಡೋಳೂ ನೀನೇ. ಹೇಳಮ್ಮ."

"ಎಂಜಲಾಗಿದೆ ಸಾರ್..."

"ಕುಡೀಬೇಡ. ಮೂಸು."

ಮೂಸುವುದಾದರೆ ಸರಿ. ಮೇಜು ದೊಡ್ಡದಿರಬಹುದು, ಮೂಗಿಗೆ ಮೇಜು ಕಾಣುವುದಿಲ್ಲ. ರಶ್ಮಿ ಗುರುವಯ್ಯನ ಕಪ್ಪಿಗೆ ಬಗ್ಗಿದಳು. "ಇದು ಒಳ್ಳೇದು." ಗುರುವಯ್ಯ ಸಮಾಧಾನದಿಂದ ಉಳಿದರ್ಧವನ್ನೂ ಮುಗಿಸಿದ. ರಾಜೀವ್ ಕೈಯಲ್ಲಿದ್ದದ್ದಕ್ಕೆ ಬಗ್ಗಿದಳು. "ಇದು ಮುಗ್ಗಲು. ಒಣಗೋ ಮೊದ್ಲೇ ರಾಶಿ ಹಾಕಿ ಮುಚ್ಚಿದಾರೆ."

"ಸರಿ, ಹಾಗಾದ್ರೆ ನನ್ನದು ಒಳ್ಳೇದೇ. ಮುಗೀತಲ್ಲ," ಎಂದರು ಮಂಜಯ್ಯ, ಇನ್ನೊಂದು ಗುಟುಕಿಗೆ ಕಪ್ಪೆತ್ತುತ್ತ.

ಆಗಲೇ ಅದರ ಹಬೆ ರಶ್ಮಿಯ ಮೂಗಿಗೆ ಬಂತು. ಎಲ್ಲ ಚೆನ್ನಾಗಿದೆ ಅನ್ನು, ಮಾವ ಹೇಳಿದ್ದರು. ಅನ್ನಬಹುದಿತ್ತು. ಕೆಲಸ ಅರ್ಧ ಕೈಗೆ ಬಂದಿತ್ತು. ಮಾಲೀಕರು ಬೇರೆ, 'ಚೆನ್ನಾಗಿದೆ' ಎಂದು ಆಗಲೇ ಹೇಳಿಬಿಟ್ಟಿದ್ದರು. ಆದರೆ ಗೊತ್ತಿದ್ದೂ ಈಗ ಬಾಯಿ ಮುಚ್ಚಿದರೆ, ಇನ್ನು ಯಾವ ಮೇಜಿನ ಮುಂದೆ ತೆರೆಯುವುದು?

"ಸಾರ್, ಅದನ್ನ ಕುಡೀಬೇಡಿ," ಎಂದಳು. ದನಿ ಸ್ವಲ್ಪ ಜೋರಾಗಿಯೇ ಬಂತು. "ಅದೂ ಸರಿಯಿಲ್ಲ. ಮುಗ್ಗಲಲ್ಲ. ದನದ ಹಿಂಡಿ ಇದ್ದ ಚೀಲಕ್ಕೆ ತುಂಬಿದಾರೆ. ಕಡ್ಲೆಕಾಯಿ ಹಿಂಡಿ. ನಮ್ಮ ಮಾವನ ಅಂಗಡಿಗೆ ಮೆಣಸೂ ಹೀಗೇ ಬರುತ್ತೆ."

ರಾಜೀವ್ ಕೆಮ್ಮಿದರು. "ಸಾರ್, ಒಳ್ಳೇದು, ಮುಗ್ಗಲು ಎರಡೂ ನಾನು ಹೊರಗಿಂದ ತರ್ಸಿದ್ದು. ಉಳಿದದ್ದು ಅಂದ್ರೆ... ನಿಮ್ಮ ತೋಟದ್ದೇ."

ಮಂಜಯ್ಯ ಫೋನೆತ್ತಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಹಿಡಿದರು. "ಈ ಸಲದ ಕಾಫಿ ಯಾವ ಚೀಲಕ್ಕೆ ತುಂಬಿದ್ರಿ ಮಾರಾಯ್ರೆ? ಹೊಸದಕ್ಕಾ? ನಿಜ ಹೇಳಿ." ಆ ಕಡೆಯಿಂದ ರೈಟರ ಸಣ್ಣ ದನಿ ಇಡೀ ಕೋಣೆಗೆ ಕೇಳಿಸಿತು. "ತೊಳೆದಿದ್ವಿ ಸಾರ್."

ಮಂಜಯ್ಯ ಫೋನಿಟ್ಟರು. ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅರವತ್ತು ವರ್ಷ ಕಾಫಿ ಬೆಳೆದಿದೀನಿ ಅಂತ ಜಂಬ ನಂಗೆ. ಹಿಂಡಿ ಕುಡಿದು ಚೆನ್ನಾಗಿದೆ ಅಂದೆನಲ್ಲ! ಸೋಮವಾರ ಬಂದ್ಬಿಡಮ್ಮ. ಒಂದೇ ಷರತ್ತು, ಟ್ರೇ ಮುಟ್ಟೋ ಹಾಗಿಲ್ಲ. ಅಂದ ಹಾಗೆ, ನಿನ್ನ ಹೆಸರು?"

"ರಶ್ಮಿ," ಎಂದಳು ರಶ್ಮಿ, ತಡವರಿಸದೆ.

ಹೊರಗೆ ಸಿದ್ದಬಸಪ್ಪ ಗೇಟಿನ ಕಂಬ ಹಿಡಿದು ನಿಂತಿದ್ದರು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯುದ್ದಕ್ಕೂ ಬಿಡದೆ ಕೇಳಿದರು.

"ಎಂತ ಕೇಳಿದ್ರು?"

"ಹೆಸರು."

"ಅಷ್ಟೇನಾ? ನೀನು ಎಂತ ಮಾಡಿದೆ?"

"ಎಲ್ರಿಗೂ ಕಾಫಿ ಕೊಟ್ಟೆ. ಆಮೇಲೆ ಅವ್ರ ಕಾಫಿ ಸರಿಯಿಲ್ಲ ಅಂದೆ."

ಸಿದ್ದಬಸಪ್ಪ ಬಸ್‌ಸ್ಟ್ಯಾಂಡಿನ ಮುಂದೆ ನಡುರಸ್ತೆಯಲ್ಲೇ ನಿಂತರು. "ಹೋಯ್ತು. ಎಲ್ಲ ಹೋಯ್ತು. ನಿಮ್ಮಮ್ಮಂಗೆ ಎಂತ ಹೇಳ್ಲಿ ಮಾರಾಯ್ತಿ ನಾನು?"

"ಸೋಮವಾರದಿಂದ ಕೆಲಸಕ್ಕೆ ಬರ್ಬೇಕಂತೆ ಅಂತ ಹೇಳಿ ಮಾವ."

ಸಿದ್ದಬಸಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖವಿಡೀ ಒರೆಸಿಕೊಂಡರು. ಆಮೇಲೆ ಬೇಗ ಊರಿಗೆ ಹೋಗಿ ಸುದ್ದಿ ಮುಟ್ಟಿಸುವ ಸಂಭ್ರಮದಲ್ಲಿ, ಸೊಸೆಯನ್ನೂ ಬಿಟ್ಟು, ಎದುರಿಗೆ ಹೊರಟಿದ್ದ ಬಸ್ಸನ್ನು ಓಡಿ ಹಿಡಿದು ಹತ್ತಿಯೇಬಿಟ್ಟರು. ಅದು ಕಳಸದ್ದಲ್ಲ, ಕಡೂರಿನ ಬಸ್ಸು. ರಶ್ಮಿ ಚಪ್ಪಲಿ ಕೈಗೆ ತೆಗೆದುಕೊಂಡು, ನಿಲ್ಸಿ ನಿಲ್ಸಿ ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗುತ್ತ ಅದರ ಹಿಂದೆ ಓಡಿದಳು.