ಅಕ್ಕನ ಸೀನು

ಹೆಸರುಗಳು ಮೇಲಕ್ಕೆ ಹೋಗುತ್ತಿವೆ, ಕಪ್ಪಿನ ಮೇಲೆ ಬಿಳಿ, ಯಾರೂ ಓದದ ಹೆಸರುಗಳು, ದೀಪ ಹಿಡಿದವರು, ಬಟ್ಟೆ ಹೊಲಿದವರು, ಭಾವನ ಕನ್ನಡಕದ ಗಾಜಿನಲ್ಲೂ ಅವೇ ಹೆಸರುಗಳು ಎಡಬಲ ಅದಲುಬದಲಾಗಿ ಏರುತ್ತಿವೆ, ಅವುಗಳ ಹಿಂದೆ ಅವರ ಕಣ್ಣು ಎತ್ತ ನೋಡುತ್ತಿದೆ ಅಂತ ತಿಳಿಯುವುದಿಲ್ಲ, ಟೀವಿಯನ್ನೋ ಅಕ್ಕನನ್ನೋ — ಹೊರಗೆ ಇನ್ನೂ ಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು, ಆದರೆ ಅಕ್ಕನ ಈ ಮನೆಯೊಳಗೆ ಯಾವಾಗಲೂ ಥಿಯೇಟರಿನ ಮಬ್ಬು, ಕಿಟಕಿಗಳಿಗೆಲ್ಲ ಬೆಳ್ಳನೆಯ ಹಾಳೆ ಅಂಟಿಸಿದ್ದಾರೆ ಭಾವ, ಬಿಸಿಲು ಬಡಿಯಬಾರದು ಅಂತ, ಉತ್ತರದ ಕಿಟಕಿಗೂ ಅಂಟಿಸಿದ್ದಾರೆ, ಅಲ್ಲಿ ಬಿಸಿಲು ಎಲ್ಲಿಂದ ಬರಬೇಕು, ಆಗ ಯಾಕೆ ಕೇಳಲಿಲ್ಲ ನಾನು — ಗೋಡೆಗೆ ಒತ್ತಿ ರಟ್ಟಿನ ಪೆಟ್ಟಿಗೆಗಳು, ಮಂಗಳವಾರ ಲಾರಿ ಬರುತ್ತದೆ, ಭಾವನಿಗೆ ಅಣೆಕಟ್ಟಿನ ಆಚೆಯ ಹೊಸ ಕೋಲ್ಡ್ ಸ್ಟೋರೇಜಿಗೆ ವರ್ಗ, ಅಲ್ಲಿ ಇರುವುದು ಒಂದೇ ಮನೆಯಂತೆ, ಫೋನು ಸಿಗುವುದಿಲ್ಲವಂತೆ, ಆದ್ದರಿಂದ ನಾವೆಲ್ಲ ಇಲ್ಲಿ ಸೇರಿ ನೋಡುವ ಸಿನಿಮಾಗಳಲ್ಲಿ ಈ ಭಾನುವಾರದ್ದೇ ಕೊನೆಯದು, ಅಮ್ಮ ಅದಕ್ಕಾಗಿ ಬೆಳಿಗ್ಗೆಯಿಂದ ಎರಡು ಸಲ ಕಣ್ಣೊರೆಸಿಕೊಂಡಿದ್ದಾಳೆ. ತಮ್ಮ ತೀರ್ಪು ಕೊಟ್ಟಾಯಿತು, ಹತ್ತಕ್ಕೆ ಆರು, ಅವನು ಯಾವ ಸಿನಿಮಾಕ್ಕೂ ಆರೇ ಕೊಡುವುದು, ಡ್ರೈವಿಂಗ್ ಕಲಿಸುವವನು, ತೆರೆಯ ಮೇಲೆ ಕಾರು ಓಡಿದರೆ ಕೂತಲ್ಲೇ ಇಲ್ಲದ ಬ್ರೇಕು ಒತ್ತುತ್ತಾನೆ, ಈ ಸಿನಿಮಾದಲ್ಲಿ ಕಾರೇ ಇರಲಿಲ್ಲ, ಅದಕ್ಕೆ ಬೇಜಾರು, ಒಂದು ಖಾಲಿ ಹೋಟೆಲು, ಅದನ್ನು ಕಾಯುವ ಒಬ್ಬ, ಅಲ್ಲಿ ಈಜು ಕಲಿಸಲು ಬಂದು ಸಿಕ್ಕಿಹಾಕಿಕೊಂಡ ಹುಡುಗಿ, ಅಷ್ಟೇ ಕಥೆ, ಅದನ್ನ ಎರಡು ಗಂಟೆ ಎಳೀಬೇಕಾ ಅನ್ನುತ್ತಾನೆ. ಅಮ್ಮನಿಗೆ ಹುಡುಗಿಯ ಮಣಿಕಟ್ಟಿನ ಬ್ಯಾಂಡೇಜೇ ಸರಿಬರಲಿಲ್ಲ, ಇಷ್ಟು ವರ್ಷ ನರ್ಸಾಗಿ ದುಡಿದವಳು, ಹಾಗಾ ಸುತ್ತೋದು, ರಕ್ತ ಓಡೋದೇ ನಿಂತುಹೋಗುತ್ತೆ, ಮತ್ತೆ ಆ ಹುಡುಗಿಗೆ ಹೆತ್ತವರು ಅನ್ನೋರು ಯಾರೂ ಇರಲಿಲ್ವೇನು, ಒಂದು ಸಲ ಹೋಗಿ ನೋಡ್ಕೊಂಡು ಬರೋಣ ಅಂತ ಒಬ್ಬರಿಗೂ ಅನ್ನಿಸಲಿಲ್ವಾ, ಕಥೆ ಬರೆದೋರಿಗೆ ಅಷ್ಟೂ ತಿಳೀಬೇಡವಾ. ಭಾವ ಎಲ್ಲರಿಗೂ ತಾವೇ ಟೀ ಸೋಸುತ್ತಿದ್ದಾರೆ, ಒಂದು ಹನಿ ಚೆಲ್ಲದಂತೆ, ಅತ್ತೆ ನಿಮಗೆ ಸಕ್ಕರೆ ಕಮ್ಮಿ, ಅವಳಿಗೆ ಬೇಡ, ಟೀ ಕುಡಿದರೆ ಅವಳಿಗೆ ರಾತ್ರಿ ನಿದ್ದೆ ಬರಲ್ಲ — ಅಕ್ಕ ಚಾಚಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು — ಆಮೇಲೆ ಭಾವ ತಮ್ಮದೇ ಕಪ್ಪು ಹಿಡಿದು ಕೂತು ಹೇಳಿದ್ದು, ಮೆಲ್ಲಗೆ, ಗೌರವದಿಂದ, ಒಳ್ಳೆಯ ಅಡುಗೆಯಲ್ಲಿ ಉಪ್ಪು ತುಸು ಹೆಚ್ಚಾಯಿತು ಅನ್ನುವ ದನಿಯಲ್ಲಿ: ಆ ಹೋಟೆಲು ಕಾಯೋನು ಕಿರುಚಬಾರದಿತ್ತು, ಅಲ್ಲಿ ತನಕ ಎಷ್ಟು ಚೆನ್ನಾಗಿ ನಡೆಸಿಕೊಂಡು ಬಂದಿದ್ದ, ಕಿರುಚಿದ್ದಕ್ಕೇ ಕೆಟ್ಟಿದ್ದು. ಹೌದಲ್ವಾ ಭಾವ ಅಂದ ತಮ್ಮ. ಹೌದಲ್ವಾ.

ಇನ್ನು ಸೀನು ಹೇಳುವ ಸರದಿ, ಅಪ್ಪ ಹಾಕಿಕೊಟ್ಟ ಪದ್ಧತಿ, ಥಿಯೇಟರಿನಿಂದ ಮನೆಗೆ ನಡೆದು ಬರುವಾಗ ಒಬ್ಬೊಬ್ಬರು ಒಂದೊಂದು ಸೀನು ಹೇಳಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ, ಹೇಳದವರು ಹೊಸಿಲು ದಾಟುವಂತಿಲ್ಲ, ಅಪ್ಪ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಲ್ಲುತ್ತಿದ್ದ, ಎಲ್ಲಿ ನಿನ್ನ ಸೀನು — ಅಪ್ಪ ಹೋದ ಮೇಲೂ ಬಿಡಲಿಲ್ಲ ನಾವು, ಈಗ ಒಳಗೆ ಹೋಗುವಾಗಲ್ಲ, ಹೊರಡುವಾಗ ಹೇಳುತ್ತೇವೆ, ಹೇಳದೆ ಚಪ್ಪಲಿ ಮೆಟ್ಟುವಂತಿಲ್ಲ. ಅಕ್ಕನಿಗೆ ಕತ್ತಲ ದೃಶ್ಯ ಬಂದರೆ ಆಗದು, ಪಕ್ಕದಲ್ಲಿ ಕೂತ ನನ್ನ ಅಂಗೈಯನ್ನು ಎಳೆದು ತನ್ನ ಕಣ್ಣ ಮೇಲೆ ಇಟ್ಟುಕೊಳ್ಳುತ್ತಿದ್ದಳು, ತನ್ನ ಕೈಯಾದರೆ ಬೆರಳು ಸರಿದುಹೋಗುತ್ತದೆ, ನಿನ್ನದಾದರೆ ನಂಬಬಹುದು ಕಣೇ ಅನ್ನುತ್ತಿದ್ದಳು, ಅವಳ ರೆಪ್ಪೆ ನನ್ನ ಅಂಗೈಯಲ್ಲಿ ಪಟಪಟ, ಸಿಕ್ಕಿಬಿದ್ದ ಚಿಟ್ಟೆಯ ಹಾಗೆ, ನಾನು ಕಣ್ಣು ಮುಚ್ಚದೆ ಎಲ್ಲಾ ನೋಡಿ ಮುಗಿದ ಮೇಲೆ ಹೇಳಬೇಕು, ಈಗ ಬಿಡು. ಹಾಗಾಗಿ ಅವಳು ಅರ್ಧ ಸಿನಿಮಾ ನೋಡಿಯೇ ಇರುತ್ತಿರಲಿಲ್ಲ, ಹೇಳುವ ಸರದಿ ಬಂದಾಗ ಹೊಸದೊಂದನ್ನು ಹುಟ್ಟಿಸಿಬಿಡುತ್ತಿದ್ದಳು, ಸೈನಿಕ ಕುದುರೆಗೆ ಕ್ಷಮೆ ಕೇಳೋದು, ಕಳ್ಳ ಕದ್ದ ಮನೆಯ ಪಾತ್ರೆ ತೊಳೆದಿಟ್ಟು ಹೋಗೋದು, ಅಪ್ಪ ನಕ್ಕು ನಕ್ಕು ಕೆಮ್ಮು ಹತ್ತಿ ಬೀದಿ ಬದಿ ನಿಂತುಬಿಡುತ್ತಿದ್ದ, ಅಕ್ಕನ ಸೀನು, ಸುಳ್ಳಿಗೆ ನಮ್ಮ ಮನೆಯಲ್ಲಿ ಅದೇ ಹೆಸರಾಯಿತು, ತಮ್ಮ ತಡವಾಗಿ ಬಂದು ಬಸ್ಸು ಕೆಟ್ಟಿತ್ತು ಅಂದರೂ ಅಮ್ಮ ಅನ್ನುವುದು ಅದನ್ನೇ, ಇದೆಲ್ಲಾ ಅಕ್ಕನ ಸೀನು, ಒಳಗೆ ಬಾ.

ಆದರೆ ಇವತ್ತು ಅವಳು ನನ್ನ ಕೈ ಹಿಡಿಯಲಿಲ್ಲ. ಸೋಫಾದ ಮೇಲೆ ಅಂಗೈ ಮೇಲೆ ಮಾಡಿ ಇಟ್ಟುಕೊಂಡೇ ಕೂತಿದ್ದೆ, ಹಳೆಯ ರೂಢಿ, ಹೋಟೆಲಿನ ನೆಲಮಾಳಿಗೆಗೆ ಹುಡುಗಿ ಇಳಿಯುವಾಗ ಅಮ್ಮನೇ ಮುಖ ತಿರುಗಿಸಿದಳು, ತಮ್ಮ ಕಾರಿಲ್ಲದೆಯೂ ಬ್ರೇಕು ಒತ್ತಿದ, ಅಕ್ಕ ಮಾತ್ರ ರೆಪ್ಪೆ ಬಡಿಯದೆ ನೋಡಿದಳು, ಬೇಕಾದ ಬಸ್ಸಿನ ನಂಬರು ಓದುವವರು ನೋಡುತ್ತಾರಲ್ಲ, ಹಾಗೆ — ಎಲ್ಲಾ ನೋಡಿದವಳಿಗೆ ಹೇಳಲು ಬೇಕಾದಷ್ಟು ಸೀನಿತ್ತು, ಆದರೂ ಸರದಿ ಬಂದಾಗ ಅವಳು ಹೇಳಿದ್ದು ಯಾವುದು. ಚಿಲಕ ಬಿಚ್ಚೋದು, ಅಂದಳು. ಹೆಂಡತಿ ಬಾತ್‌ರೂಮಿನ ಒಳಗೆ ತಲೆಗೆ ನೀರು ಹಾಕ್ಕೊಂಡು ಬರೋ ಹೊತ್ತಿಗೆ ಗಂಡ ಬಾಗಿಲ ಹತ್ರ ಸ್ಟೂಲು ಹಾಕ್ಕೊಂಡು ಕಾಯ್ತಿರ್ತಾನೆ, ಅವಳು ಈಚೆ ಬಂದ ಮೇಲೆ ಒಳಗಡೆ ಚಿಲಕದ ಸ್ಕ್ರೂ ಒಂದೊಂದೇ ಬಿಚ್ಚಿ ಜೇಬಿಗೆ ಹಾಕ್ಕೋತಾನೆ, ಏನೋ ಹಾಡು ಗುನುಗ್ತಾ, ಯಾಕೆ ಅಂತ ಕೇಳಿದ್ರೆ, ನೀನು ಜಾರಿ ಬಿದ್ರೆ ನಾನು ಒಳಗೆ ಬರೋದು ಹೇಗೆ ಅಂತಾನೆ, ಆ ಸೀನು ಚೆನ್ನಾಗಿತ್ತು. ತಮ್ಮ ತೊಡೆ ತಟ್ಟಿಕೊಂಡ, ಬಂತಪ್ಪಾ, ಕೊನೇ ದಿನಾನೂ ಬಿಡಲಿಲ್ಲ ಅಕ್ಕ, ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು, ಭಾವನೂ ನಕ್ಕರು, ನಾನು ನೋಡುತ್ತಿದ್ದೆ, ತಮ್ಮ ನಕ್ಕ ಮೇಲೆ ನಕ್ಕರು, ನಗಬಹುದು ಅಂತ ಖಾತ್ರಿಯಾದ ಮೇಲೆ. ಆ ಸಿನಿಮಾದಲ್ಲಿ ಗಂಡನೇ ಇಲ್ಲ. ಯಾರ ಗಂಡನೂ ಇಲ್ಲ, ಕಾಯುವವನು ಇದ್ದಾನೆ, ಹುಡುಗಿ ಇದ್ದಾಳೆ, ಒಂದು ನಾಯಿ ಇದೆ, ಇದು ಯಾರಿಗೂ ಹೊಳೆಯಲಿಲ್ಲ, ಅಕ್ಕನ ಸೀನಿಗೆ ನಗುವುದು ನಮಗೆ ಮೂಗಿಗೆ ಸೀನು ಬಂದಷ್ಟೇ ಸಹಜ, ಯೋಚನೆ ಬೇಕಿಲ್ಲ — ನಾನೂ ನಕ್ಕೆನಾ, ಬಾಯಿ ಅಗಲವಾದ ನೆನಪಿದೆ. ಹೋದ ಸಲದ್ದು ಯಾವುದು, ಮದುವೆ ಮನೆಯ ತಮಾಷೆ ಸಿನಿಮಾ, ಅದರಲ್ಲಿ ಅವಳು ಹೇಳಿದ್ದು ಆಕೆ ಫೋನಲ್ಲಿ ಮಾತಾಡೋವಾಗ ಸ್ಪೀಕರಿಗೆ ಹಾಕಿಸಿ ಪಕ್ಕದಲ್ಲೇ ಒಬ್ಬ ಕೇಳಿಸ್ಕೋತಾ ಕೂತಿರ್ತಾನಲ್ಲ, ಅದು, ನಕ್ಕೆವು, ಆಮೇಲಿನಿಂದ ಅವಳಿಗೆ ಯಾವಾಗ ಫೋನು ಮಾಡಿದರೂ ಹಿಂದೆ ಕಪ್ಪು ಬಸಿಗೆ ತಾಗುವ ಸದ್ದು, ಯಾರೋ ಟೀ ಕಲಕುವ ಸದ್ದು. ಅದಕ್ಕಿಂತ ಮುಂಚಿನದು ಯುದ್ಧದ್ದು, ಕಿಟಕಿಗೆ ಹಾಳೆ ಅಂಟಿಸ್ತಾರಲ್ಲ, ಆಕೆಗೆ ಮಳೆ ಬಂದಿದ್ದೂ ಗೊತ್ತಾಗಲ್ವಲ್ಲ, ಅದು. ನನ್ನ ಕೆಲಸ ಇದೇ, ಮುರಿದದ್ದನ್ನು ನೋಡುವುದು, ಲ್ಯಾಬಿಗೆ ಮುರಿದ ಸರಳು, ತುಂಡಾದ ಬೋಲ್ಟು ಬರುತ್ತವೆ, ಯಾಕೆ ಮುರಿಯಿತು ಅಂತ ಬರೆದು ಕಳಿಸುತ್ತೇನೆ, ಒಂದೇ ಏಟಿಗೆ ಮುರಿದದ್ದರ ಮುಖ ಒರಟು, ದಿನಾ ಒಂದಿಷ್ಟೇ ಎಳೆದು ಎಳೆದು ಮುರಿದದ್ದರ ಮುಖದಲ್ಲಿ ಮಾತ್ರ ಗೆರೆಗಳಿರುತ್ತವೆ, ನೀರಿಳಿದ ಕೆರೆಯ ದಂಡೆಯ ಹಾಗೆ, ಒಂದರ ಹಿಂದೆ ಒಂದು, ಎಲ್ಲಾ ಗೆರೆಗಳೂ ಒಂದೇ ಮೂಲೆಯತ್ತ ಬಾಗಿರುತ್ತವೆ, ಆ ಮೂಲೆಯಲ್ಲೇ ಶುರುವಾದದ್ದು. ಆಮೇಲೆ ತೋರಿಸಿದರೆ ಎಂಥವರಿಗೂ ಕಾಣುತ್ತದೆ.

ಕೈ ತೊಳ್ಕೊಂಡು ಬರ್ತೀನಿ ಅಂದೆ. ಕೋಣೆಗಳ ನಡುವಿನ ಓಣಿಯಲ್ಲಿ ನೆಲದ ಮೇಲೆ ಸುಣ್ಣದ ಪುಡಿ, ಭಾವ ಪರದೆಯ ಸರಳುಗಳನ್ನು ಬಿಚ್ಚಿದ್ದಾರೆ, ಲಾರಿಗೆ ಹಾಕಲು, ಗೋಡೆಯ ತೂತುಗಳು ಬೆಳ್ಳಗೆ, ಈಗಷ್ಟೇ ಬಿದ್ದ ಹಲ್ಲಿನ ಜಾಗದಂತೆ ಹಸಿಹಸಿ, ಸರಿ, ಹಾಗಾದರೆ ಚಿಲಕವನ್ನೂ ಅದಕ್ಕೇ ಬಿಚ್ಚಿರಬಹುದು, ಸ್ವಂತ ದುಡ್ಡಿನಲ್ಲಿ ಹಾಕಿಸಿದ್ದನ್ನು ಬಿಟ್ಟುಹೋಗುವ ಜನವಲ್ಲ ಅವರು, ಅಕ್ಕ ಬೆಳಿಗ್ಗೆ ನೋಡಿದ್ದನ್ನೇ ಮಧ್ಯಾಹ್ನ ಕಥೆ ಮಾಡಿದಳು, ಅಷ್ಟೇ, ಅಷ್ಟೇ ಇರಲಿ — ಬಾತ್‌ರೂಮಿನ ಬಾಗಿಲನ್ನು ಒಳಗಿನಿಂದ ತಳ್ಳಿದೆ, ಕೈ ತಾನಾಗಿ ಚಿಲಕ ಹುಡುಕಿತು, ಬೆರಳಿಗೆ ಸಿಕ್ಕಿದ್ದು ನಾಲ್ಕು ತೂತು. ದೀಪ ಹಾಕಿ ಬಗ್ಗಿ ನೋಡಿದೆ, ಲ್ಯಾಬಿನಲ್ಲಿ ನೋಡುವ ಹಾಗೆ, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಆಮೇಲೆ ಉಗುರಿನಿಂದ. ಮರದ ಹಸಿ ಬಣ್ಣ ಇಲ್ಲ, ಅಂಚುಗಳು ತೇವ ಕುಡಿದು ಕಪ್ಪಾಗಿವೆ, ಮೆತ್ತಗಾಗಿವೆ, ಒಳಗೆ ಸೋಪಿನ ಬಿಳಿ ಕಟ್ಟಿದೆ, ಪದರ ಪದರವಾಗಿ, ಇದು ಇವತ್ತಿನದಲ್ಲ, ಈ ವಾರದ್ದಲ್ಲ, ಇಲ್ಲಿ ಎಷ್ಟೋ ಸ್ನಾನ ಆಗಿಹೋಗಿವೆ, ಬಾಗಿಲು ಹಾಕಲು ಆಗದೆ, ಬೆನ್ನು ಒರಗಿಸಿಕೊಂಡೋ, ಬಕೆಟ್ಟು ಅಡ್ಡ ಇಟ್ಟುಕೊಂಡೋ, ಹೊರಗೆ ಸ್ಟೂಲು ಎಳೆಯುವ ಸದ್ದನ್ನು ನೀರಿನ ಸದ್ದಿನ ಆಚೆ ಆಲಿಸುತ್ತ. ಹೊರಗೆ ಬಂದೆ. ಚಿಲಕ ಎಲ್ಲಿ ಹೋಯಿತು ಅಂತ ಯೋಚಿಸುವಷ್ಟರಲ್ಲಿ ಕಂಡಿತು, ಎದುರಿಗೇ, ಮಲಗುವ ಕೋಣೆಯ ಬಾಗಿಲಿಗೆ, ಹೊರಗಡೆಯಿಂದ ಬಡಿದಿದೆ, ಅಂಚಿನಲ್ಲಿ ಇನ್ನೂ ಬಾತ್‌ರೂಮಿನ ತಿಳಿಹಸಿರು ಬಣ್ಣ ಅಂಟಿಕೊಂಡಿದೆ, ಅದರ ನಾಲಿಗೆ ಓಡಾಡಿ ಓಡಾಡಿ ಸವೆದು ಹೊಳೆಯುತ್ತಿದೆ. ಟೀವಿಯ ಕೋಣೆಯಿಂದ ಭಾವನ ದನಿ, ಕೊನೇ ಸೀನಿನಲ್ಲಿ ಹುಡುಗಿ ಓಡಿಹೋಗಿದ್ದು ಸುಮ್ನೆ ಜನಕ್ಕೆ ಬೇಕು ಅಂತ ಹಾಕಿದ್ದು ಅತ್ತೆ, ನಿಜವಾಗಿ ಹಾಗೆಲ್ಲಾ ಆಗಲ್ಲ, ಓಡಿ ಎಲ್ಲಿಗೆ ಹೋಗ್ತಾಳೆ ಹೇಳಿ. ಅದೂ ನಿಜ ಅನ್ನುತ್ತಿದ್ದಾಳೆ ಅಮ್ಮ.

ಹೊರಡುವ ಹೊತ್ತು, ಎಲ್ಲರೂ ಬಾಗಿಲಲ್ಲಿದ್ದಾರೆ, ಅಮ್ಮ ಚಪ್ಪಲಿಯ ಪಟ್ಟಿ ಎಳೆಯುತ್ತಿದ್ದಾಳೆ, ತಮ್ಮ ಕೀಲಿಗೊಂಚಲು ತಿರುಗಿಸುತ್ತಿದ್ದಾನೆ, ಮಂಗಳವಾರ ಬಂದು ಕೈಜೋಡಿಸಲಾ ಭಾವ, ಬೇಡಪ್ಪಾ, ನಾವಿಬ್ಬರೇ ಸಾಕು, ಮೆಲ್ಲಗೆ, ಗೌರವದಿಂದ, ಅಕ್ಕ ಪೆಟ್ಟಿಗೆಗಳ ಪಕ್ಕ ಬರಿಗಾಲಿನಲ್ಲಿ ನಿಂತಿದ್ದಾಳೆ, ಬೀಳ್ಕೊಡುವವರು ನಿಲ್ಲುವ ಜಾಗ ಅದಲ್ಲ, ಹೊಸಿಲಿನಿಂದ ಅಷ್ಟು ಹಿಂದೆ ಯಾಕೆ ನಿಂತಿದ್ದಾಳೆ, ಅಮ್ಮನಿಗೆ ಈಗಲೇ ಹೇಳಿಬಿಡಲಾ, ಹೇಳಿದರೆ ಏನನ್ನುತ್ತಾಳೆ, ಚಿಲಕ ಸಡಿಲವಾಗಿತ್ತು ಅತ್ತೆ ಅಂತ ಭಾವ ಒಂದು ಮಾತು ಅಂದರೆ ಮುಗಿಯಿತು, ಅವರು ಕಿರುಚುವುದಿಲ್ಲ, ಟೀ ಚೆಲ್ಲುವುದಿಲ್ಲ, ಅಕ್ಕನ ಸೀನು ಅಂತ ಎಲ್ಲರೂ ನಗುತ್ತ ಮೆಟ್ಟಿಲಿಳಿಯುತ್ತೇವೆ, ಮಂಗಳವಾರ ಲಾರಿ, ಅಣೆಕಟ್ಟಿನ ಆಚೆ ಒಂದೇ ಮನೆ — ತಡಿ ತಡಿ, ಅಂದ ತಮ್ಮ, ನೀನು ಹೇಳಲೇ ಇಲ್ಲ, ಎಲ್ಲಿ ನಿನ್ನ ಸೀನು, ಹೇಳದೆ ಚಪ್ಪಲಿ ಹಾಕೋ ಹಾಗಿಲ್ಲ. ಅಪ್ಪ ಮಾಡುತ್ತಿದ್ದ ಹಾಗೆ ಬಾಗಿಲಿಗೆ ಕೈ ಅಡ್ಡ ಇಟ್ಟ, ನಗುತ್ತಿದ್ದಾನೆ, ಅಮ್ಮ ನಗುತ್ತಿದ್ದಾಳೆ, ನಾನು ಯಾವತ್ತೂ ಇಲ್ಲದ ಸೀನು ಹೇಳಿದವಳಲ್ಲ. ತಂಗಿ ಬಂದು, ಚಪ್ಪಲಿ ಹಾಕ್ಕೋ ಅಕ್ಕಾ, ಹೋಗೋಣ ಅಂತಾಳಲ್ಲ, ಅಂದೆ, ಆ ಸೀನು. ತಮ್ಮ ಅಯ್ಯೋ ಇವಳಿಗೂ ಹತ್ತಿತು ರೋಗ ಅಂದ, ಅಮ್ಮನ ನಗು ಅರ್ಧಕ್ಕೆ ನಿಂತಿತು, ನನ್ನ ಮುಖ ನೋಡಿ ನಿಂತಿತು, ನರ್ಸಾಗಿದ್ದವಳು, ಮುಖದ ಬಣ್ಣ ಓದಬಲ್ಲಳು. ಭಾವ ನಗಲಿಲ್ಲ. ಕನ್ನಡಕದ ಗಾಜಿನಲ್ಲಿ ಈಗ ಹೆಸರುಗಳಿಲ್ಲ, ಬಾಗಿಲಿನ ಬೆಳಕಿದೆ, ಅದರೊಳಗೆ ಸಣ್ಣದಾಗಿ ನಾನು. ಅಂಥ ಸೀನು ಇರಲಿಲ್ಲವಲ್ಲ, ಅಂದರು. ಅಕ್ಕ ಚಿಲಕದ್ದು ಹೇಳಿದಾಗ ಈ ಮಾತು ಅಂದಿರಲಿಲ್ಲ ಅವರು. ಇತ್ತು ಭಾವ, ನಾನು ಕಣ್ಣು ಮುಚ್ಚಿರಲಿಲ್ಲ, ಅಂದೆ. ತಮ್ಮನ ಕೈ ಬಾಗಿಲಿನಿಂದ ತಾನಾಗಿ ಇಳಿಯಿತು, ಕೀಲಿಗೊಂಚಲು ನಿಂತಿತು, ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು, ಅಕ್ಕ ಒಂದು ಹೆಜ್ಜೆ ಮುಂದೆ ಬಂದಿದ್ದಾಳೆ, ಅವಳ ಚಪ್ಪಲಿ ಯಾವುದು, ಇಲ್ಲಿರುವ ಚಪ್ಪಲಿಗಳಲ್ಲಿ ಅವಳದ್ದು ಕಾಣುತ್ತಿಲ್ಲ, ನನ್ನದನ್ನು ಕಾಲಿನಿಂದ ಅವಳತ್ತ ತಳ್ಳಿದೆ, ಅವಳ ಹೆಬ್ಬೆರಳು ಅದನ್ನು ಮುಟ್ಟಿ ನಿಂತಿದೆ, ಕಣ್ಣು ನನ್ನ ಮೇಲೆ, ರೆಪ್ಪೆ ಬಡಿಯದ ಕಣ್ಣು, ಈಗ ಬಿಡು ಅಂತ ನಾನು ಹೇಳುವುದನ್ನು ಕಾಯುವ ಕಣ್ಣು, ಭಾವನ ಬೆರಳುಗಳು ಅಂಗಿಯ ಜೇಬಿಗೆ ಹೋಗಿವೆ, ಅಲ್ಲಿ ಏನೋ ಒಂದಕ್ಕೊಂದು ತಾಗುತ್ತಿದೆ, ಪರದೆಯ ಸ್ಕ್ರೂಗಳು, ಪರದೆಯವೇ, ಇನ್ಯಾವುದೂ ಅಲ್ಲ, ಸಣ್ಣ ಸದ್ದು, ಮತ್ತೆ ಸಣ್ಣ ಸದ್ದು, ಬಾಗಿಲು ತೆರೆದೇ ಇದೆ, ನನ್ನ ಕಣ್ಣಿಗೆ ಕಾಣುವುದು ಮಾತ್ರ ಬಾತ್‌ರೂಮಿನ ಬಾಗಿಲು, ಆ ಬಾಗಿಲಲ್ಲಿ ನಾಲ್ಕು ತೂತು, ಅಂಚು ಕಪ್ಪಾದ ನಾಲ್ಕು ತೂತು, ಸೋಪಿನ ಬಿಳಿ ಕಟ್ಟಿದ ನಾಲ್ಕು ತೂತು —