ದೊಡ್ಡವಳ ಹೊಟ್ಟೆಕಿಚ್ಚು

ತಂಗಿಯ ಮದುವೆ ಗೊತ್ತಾದ ದಿನ, ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ದೊಡ್ಡವಳು ಹೊಟ್ಟೆ ಹಿಡಿದುಕೊಂಡು ಕುಸಿದು ಕೂತಳು. ಆ ಉರಿ ಹೊಸದೇನಲ್ಲ. ಕೆಲವು ತಿಂಗಳಿಂದ ಖಾಲಿ ಹೊಟ್ಟೆಯಲ್ಲಿ ಏಳುತ್ತಿತ್ತು, ಏನಾದರೂ ತಿಂದರೆ ಅಡಗುತ್ತಿತ್ತು. ನೀರಿಗೆಂದು ಒಳಬಂದ ಚಿಕ್ಕಮ್ಮ ನೋಡಿ ನಕ್ಕಳು.

"ಹೊಟ್ಟೆ ಉರೀತಿದೆಯಾ? ಉರಿಯದೆ ಇನ್ನೇನು. ತಂಗಿ ಮುಂದೆ ಹೋದ್ಲಲ್ಲ."

ಹೊರಗೆ ಕೂತವರಿಗೂ ಕೇಳಿಸಿತು. ಎಲ್ಲರೂ ನಕ್ಕರು, ಅಮ್ಮನೂ. ದೊಡ್ಡವಳೂ ನಕ್ಕು, ಎದ್ದು, ಉಳಿದ ಲೋಟಗಳನ್ನು ತೊಳೆದಿಟ್ಟಳು. ಅಂದಿನಿಂದ ಹೊಟ್ಟೆನೋವು ಎಂಬ ಮಾತು ಮನೆಯಲ್ಲಿ ಅವಳ ಬಾಯಿಂದ ಬರಲಿಲ್ಲ.

ಅವಳು ಕೆಲಸಕ್ಕಿದ್ದದ್ದು ಮುದ್ರಣಾಲಯದ ಬೈಂಡಿಂಗ್ ಕೋಣೆಯಲ್ಲಿ. ಮಡಿಸಿದ ಹಾಳೆಗಳನ್ನು ಜೋಡಿಸಿ ಹೊಲಿಯುವುದು, ಪುಸ್ತಕದ ಬೆನ್ನಿಗೆ ಗೋಂದು ಸವರುವುದು. ನೋವು ಎದ್ದಾಗ ಮೇಜಿನ ಅಂಚಿಗೆ ಹೊಟ್ಟೆ ಒತ್ತಿಕೊಂಡು ನಿಂತೇ ಹೊಲಿಯುತ್ತಿದ್ದಳು. ಗೋಂದಿನ ಡಬ್ಬದ ಹಿಂದೆ ಗ್ಯಾಸಿನ ಔಷಧದ ಬಾಟಲಿ ಇರುತ್ತಿತ್ತು.

"ಅದೇನು ದಿನಾ ಕುಡೀತೀಯಲ್ಲ?" ಎಂದು ಪಕ್ಕದ ಮೇಜಿನವಳು ಕೇಳಿದರೆ, "ಒಳಗಡೆ ಹೊಲಿಗೆ ಬಿಟ್ಟಿದೆ, ಅಂಟಿಸ್ತಿದೀನಿ" ಅನ್ನುತ್ತಿದ್ದಳು.

ವರ್ಷಗಳು ಹೀಗೇ ಹೋದವು. ತಂಗಿಗೆ ಮಗುವಾಯಿತು, ಮಗು ಶಾಲೆಗೂ ಹೋಗತೊಡಗಿತು. ತಂಗಿ ಊಟಕ್ಕೆ ಕರೆದಾಗಲೆಲ್ಲ ದೊಡ್ಡವಳು ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದಳು. ಮೊದಲು ತಿಂದರೆ ಅಡಗುತ್ತಿದ್ದ ನೋವು ಈಗ ತಿಂದರೇ ಏರುತ್ತಿತ್ತು. "ತಂಗಿ ಮನೆ ಅನ್ನ ಇವಳಿಗೆ ಗಂಟಲಲ್ಲಿ ಇಳಿಯಲ್ಲ" ಎಂದು ಅಮ್ಮ ನೆರೆಯವಳ ಹತ್ತಿರ ಹೇಳಿದ್ದು ಅವಳ ಕಿವಿಗೂ ಬಿತ್ತು. ಸಡಿಲವಾಗುತ್ತಿದ್ದ ಬಟ್ಟೆಗಳಿಗೆ ತಾನೇ ಹೊಲಿಗೆ ಹಾಕಿಕೊಂಡಳು.

ಒಂದು ಬೆಳಿಗ್ಗೆ ಕೆಲಸದ ನಡುವೆ ಕಾಫಿಪುಡಿಯಂಥ ಕಪ್ಪು ವಾಂತಿಯಾಗಿ, ಕಾಗದದ ಕಟ್ಟುಗಳ ಮೇಲೆ ಬಿದ್ದಳು. ಆಸ್ಪತ್ರೆಗೆ ಓಡಿಬಂದದ್ದು ತಂಗಿ.

ಗಂಟಲಿನಿಂದ ಕೊಳವೆ ಇಳಿಸಿ ನೋಡಿದ ಡಾಕ್ಟರಮ್ಮ, ಹೊಟ್ಟೆಯ ಗೋಡೆಯಿಂದ ಎರಡು ಚೂರು ತೆಗೆದಿದ್ದರು. ಒಂದನ್ನು ಪರೀಕ್ಷೆಗೆಂದು ಹಳದಿ ಅಂಟಿನ ಪುಟ್ಟ ಬಿಲ್ಲೆಯಲ್ಲಿ ಇಟ್ಟಿದ್ದರು. ತಂಗಿ ಒಳಗೆ ಹೋಗುವಷ್ಟರಲ್ಲಿ ಹಳದಿ ಕಡುಗೆಂಪಾಗಿತ್ತು.

"ಇದು ಒಂದು ಬ್ಯಾಕ್ಟೀರಿಯಾ," ಎಂದರು. "ಹೊಟ್ಟೆಯ ಆಮ್ಲದಲ್ಲಿ ಸಾಮಾನ್ಯವಾಗಿ ಯಾವುದೂ ಬದುಕಲ್ಲ. ಇದು ಯೂರಿಯೇಸ್ ಅನ್ನೋ ಕಿಣ್ವ ಮಾಡ್ಕೊಳ್ಳುತ್ತೆ. ಅದು ಹೊಟ್ಟೆಯಲ್ಲಿರೋ ಯೂರಿಯಾನ ಒಡೆದು ಅಮೋನಿಯಾ ಮಾಡುತ್ತೆ. ಅಮೋನಿಯಾ ಈ ಬ್ಯಾಕ್ಟೀರಿಯಾದ ಸುತ್ತಲಿನ ಆಮ್ಲ ಸಾಯಿಸುತ್ತೆ. ಆ ಮರೆಯಲ್ಲಿ ಇದು ಲೋಳೆ ಪದರದೊಳಗೆ ಸೇರಿ ಗೋಡೆ ಕೆಡಿಸುತ್ತೆ. ಹುಣ್ಣಾಗೋದು ಹಾಗೆ. ಈ ಬಿಲ್ಲೆ ಕೆಂಪಾದದ್ದೂ ಅದೇ ಅಮೋನಿಯಾದಿಂದ."

"ಕೊರಗಿನಿಂದ, ಹೊಟ್ಟೆಕಿಚ್ಚಿನಿಂದ ಬರೋದಲ್ವಾ?"

ಡಾಕ್ಟರಮ್ಮ ತಲೆಯೆತ್ತಿ ನೋಡಿದರು. "ಚಿಕ್ಕಂದಿನಲ್ಲೇ ಬಂದಿರುತ್ತೆ, ಹೆಚ್ಚಾಗಿ ಮನೆಯವರಿಂದ. ತುಂಬ ಜನರಿಗೆ ಏನೂ ಆಗಲ್ಲ. ಕೆಲವರಿಗೆ ಹುಣ್ಣು. ಎಲ್ಲೋ ಕೆಲವರಿಗೆ ಮಾತ್ರ…" ಅವರು ಬಿಲ್ಲೆಯನ್ನು ಪಕ್ಕಕ್ಕಿಟ್ಟರು. "ಲ್ಯಾಬಿಗೆ ಕಳಿಸಿದ ಇನ್ನೊಂದು ಚೂರಿನ ವರದಿ ಬರಲಿ."

ವರದಿ ಬಂತು. ಕ್ಯಾನ್ಸರ್. ಯಕೃತ್ತಿಗೂ ಹರಡಿತ್ತು.

"ಮೊದಲೇ ಬಂದಿದ್ರೆ?" ಎಂದಳು ತಂಗಿ.

"ಬರೀ ಉರಿ ಇದ್ದಾಗ ಬಂದಿದ್ರೆ ಬಹುಶಃ ಮಾತ್ರೆಯಲ್ಲೇ ಹೋಗ್ತಿತ್ತು. ನೀವೂ ನಿಮ್ಮ ತಾಯೀನೂ ಪರೀಕ್ಷೆ ಮಾಡಿಸಿಕೊಳ್ಳಿ."

ಇಬ್ಬರಲ್ಲೂ ಆ ಬ್ಯಾಕ್ಟೀರಿಯಾ ಇತ್ತು. ಇಬ್ಬರಿಗೂ ಒಂದು ದಿನವೂ ಹೊಟ್ಟೆ ಉರಿದಿರಲಿಲ್ಲ.

ತಂಗಿ ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದಳು. ದೊಡ್ಡವಳು ಚಾವಣಿ ನೋಡುತ್ತ ಕೇಳಿಸಿಕೊಂಡಳು.

"ನಿನ್ನಲ್ಲೂ ಇದೆಯಾ?"

"ಹೂಂ ಅಕ್ಕ."

"ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಇರಲೇ ಇಲ್ಲ ಅಂತ ಹೇಳಲ್ಲ," ದೊಡ್ಡವಳು ನಿಧಾನವಾಗಿ ಅಂದಳು. "ಸ್ವಲ್ಪ ಇತ್ತು. ನೋವೂ ಅದರದ್ದೇ ಅಂದ್ಕೊಂಡಿದ್ದೆ. ಡಾಕ್ಟರ್ ಹತ್ರ ಹೋಗಿ ಏನಂತ ಹೇಳೋದು?"

ತಂಗಿ ಅಕ್ಕನ ಬೆರಳುಗಳಲ್ಲಿ ಸೂಜಿ ಹಿಡಿದು ಗಟ್ಟಿಯಾಗಿದ್ದ ಚರ್ಮವನ್ನು ಸವರುತ್ತ ಕೂತಳು.

ದೊಡ್ಡವಳು ಹೆಚ್ಚು ಕಾಲ ಉಳಿಯಲಿಲ್ಲ. ಕೊನೆಗೆ ಹನಿ ನೀರೂ ಇಳಿಯುತ್ತಿರಲಿಲ್ಲ. ಅಮ್ಮ ದಿನವೂ ಬಂದು ಒದ್ದೆ ಬಟ್ಟೆಯಿಂದ ಮಗಳ ತುಟಿ ಒರೆಸುತ್ತಿದ್ದಳು. 

ಮಣ್ಣು ಮಾಡಿ ಬಂದಮೇಲೆ, ಆ ಬ್ಯಾಕ್ಟೀರಿಯಾಕ್ಕೆಂದು ಡಾಕ್ಟರಮ್ಮ ಅಮ್ಮನಿಗೆ ಬರೆದುಕೊಟ್ಟಿದ್ದ ಮಾತ್ರೆಗಳು ಕಪಾಟಿನಲ್ಲಿ ಹಾಗೇ ಇದ್ದವು. "ನನಗ್ಯಾಕೆ ಈಗ" ಅನ್ನುತ್ತಿದ್ದಳು. ತಂಗಿ ದಿನವೂ ಬಂದು, ಅಂಗೈಗೆ ಮಾತ್ರೆ ಹಾಕಿ, ನುಂಗುವವರೆಗೂ ಎದುರು ನಿಲ್ಲತೊಡಗಿದಳು. ಒಂದು ದಿನ ಅಮ್ಮ ಮಾತ್ರೆಗಳನ್ನು ಹಿಡಿದುಕೊಂಡೇ ಕೇಳಿದಳು.

"ನಾನೇ ಅಗಿದು ತಿನ್ನಿಸ್ತಿದ್ದೆ ಅವಳಿಗೆ, ಹಲ್ಲು ಬರೋ ಮುಂಚೆ. ಅದು ನನ್ನಿಂದಲೇ ಅವಳಿಗೆ ಹೋಯ್ತಾ?"

"ಯಾರಿಂದ ಅಂತ ಡಾಕ್ಟರಿಗೂ ಗೊತ್ತಾಗಲ್ವಂತೆ ಅಮ್ಮ."

ಅಮ್ಮ ಮಾತ್ರೆಗಳನ್ನು ಒಂದೊಂದಾಗಿ ನುಂಗಿ, ಲೋಟ ಕೆಳಗಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.